ಡಾಟ್‌ನೆಟ್ ಪ್ಲಗಿನ್: ಬೇರೆ ಅಸೆಂಬ್ಲಿಯ ಟೈಪ್ ರಿಫ್ಲೆಕ್ಷನ್‌ಗೆ ಯಾಕೆ ಸಿಗುತ್ತಿಲ್ಲ?

ಅರಳುಕೋಡು

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ನನ್ನದು ಡಾಟ್‌ನೆಟ್ 8ರ ಕನ್ಸೋಲ್ ಪ್ರೋಗ್ರಾಂ. ಬೇರೆ ಬೇರೆ ಬಗೆಯ ಕಡತಗಳನ್ನು ಓದಿ ಒಂದೇ ರೂಪದ ಟೇಬಲ್ ಮಾಡಿ ಕೊಡುತ್ತದೆ. ಮೂರು ಪ್ರಾಜೆಕ್ಟ್ ಇವೆ. ಒಂದು, ಮುಖ್ಯ ಪ್ರೋಗ್ರಾಂ. ಎರಡು, "ಒಪ್ಪಂದ" ಎಂಬ ಪುಟ್ಟ ಲೈಬ್ರರಿ. ಅದರಲ್ಲಿ "ಐಓದುಗ" ಎಂಬ ಇಂಟರ್‌ಫೇಸ್ ಬಿಟ್ಟರೆ ಬೇರೇನೂ ಇಲ್ಲ. ಮೂರು, ಆ ಇಂಟರ್‌ಫೇಸನ್ನು ತುಂಬಿಸಿ ಬರೆದ "ಕಡತಗಳು" ಎಂಬ ಲೈಬ್ರರಿ. ಮುಖ್ಯ ಪ್ರೋಗ್ರಾಂಗೆ ಈ ಮೂರನೆಯದರ ರೆಫರೆನ್ಸ್ ಬೇಕಂತಲೇ ಕೊಟ್ಟಿಲ್ಲ. ಮುಂದೆ ಯಾರಾದರೂ ಹೊಸ ಓದುಗ ಬರೆದರೆ ಫೋಲ್ಡರ್‌ನಲ್ಲಿ ಡಿಎಲ್‌ಎಲ್ ಇಟ್ಟರೆ ಸಾಕು, ಮುಖ್ಯ ಪ್ರೋಗ್ರಾಂ ಮತ್ತೆ ಬಿಲ್ಡ್ ಮಾಡಬಾರದು ಅನ್ನುವುದು ಆಸೆ.

ಕಾನ್ಫಿಗ್ ಕಡತದಲ್ಲಿ ಕ್ಲಾಸಿನ ಹೆಸರು ಬರೆದಿದ್ದೇನೆ. ರಿಫ್ಲೆಕ್ಷನ್, ಅಂದರೆ ಓಡುವ ಹೊತ್ತಿಗೆ ಹೆಸರಿನಿಂದ ಟೈಪ್ ಹುಡುಕುವ ಕೋಡ್ ಇಷ್ಟೇ: ಟೈಪ್.ಗೆಟ್‌ಟೈಪ್("ಕಡತಗಳು.ಸಾಲುಓದುಗ"). ಬರುವುದು ನಲ್, ಅಂದರೆ ಏನೂ ಇಲ್ಲ. ಡಿಎಲ್‌ಎಲ್ ಪ್ಲಗಿನ್‌ಗಳ ಫೋಲ್ಡರ್‌ನಲ್ಲೇ ಇದೆ. ಹೆಸರನ್ನು ಹತ್ತು ಸಲ ನೋಡಿದೆ, ಸರಿಯಾಗಿಯೇ ಇದೆ. ಎಕ್ಸೆಪ್ಶನ್ ಕೂಡ ಬರುವುದಿಲ್ಲ, ಸುಮ್ನೆ ನಲ್.

ಹಳೆಬೇರು

ಹೆಸರು ಸರಿ ಇದೆ, ಹುಡುಕುವ ಜಾಗ ತಪ್ಪಾಗಿದೆ.

ಗೆಟ್‌ಟೈಪ್‌ಗೆ ಬರೀ ನೇಮ್‌ಸ್ಪೇಸ್ ಮತ್ತು ಕ್ಲಾಸಿನ ಹೆಸರು ಕೊಟ್ಟರೆ ಅದು ಎರಡೇ ಕಡೆ ನೋಡುತ್ತದೆ. ಒಂದು, ಆ ಸಾಲನ್ನು ಕರೆದ ಅಸೆಂಬ್ಲಿ (ಬಿಲ್ಡ್ ಆಗಿ ಬಂದ ಕೋಡಿನ ಕಡತ). ಇನ್ನೊಂದು, ಡಾಟ್‌ನೆಟ್‌ನ ಬುನಾದಿ ಲೈಬ್ರರಿ, ಅಂದರೆ ಸಿಸ್ಟಮ್.ಪ್ರೈವೇಟ್.ಕೋರ್‌ಲಿಬ್. ಪಕ್ಕದ ಫೋಲ್ಡರ್ ಇರಲಿ, ಆಗಲೇ ಮೆಮೊರಿಗೆ ಬಂದಿರುವ ಬೇರೆ ಅಸೆಂಬ್ಲಿಯನ್ನೂ ಅದು ನೋಡುವುದಿಲ್ಲ. ಹಾಗಾಗಿಯೇ ಸಿಸ್ಟಮ್.ಸ್ಟ್ರಿಂಗ್ ಅಂದರೆ ಸಿಗುತ್ತದೆ, ನಿಮ್ಮ ಕ್ಲಾಸ್ ಸಿಗುವುದಿಲ್ಲ.

ಬೇರೆ ಅಸೆಂಬ್ಲಿಯ ಟೈಪ್ ಬೇಕೆಂದರೆ ಅಲ್ಪವಿರಾಮ ಹಾಕಿ ಅಸೆಂಬ್ಲಿಯ ಹೆಸರನ್ನೂ ಸೇರಿಸಬೇಕು: "ಕಡತಗಳು.ಸಾಲುಓದುಗ, ಕಡತಗಳು". ಮೊದಲನೆಯ "ಕಡತಗಳು" ನೇಮ್‌ಸ್ಪೇಸ್, ಎರಡನೆಯದು ಅಸೆಂಬ್ಲಿ. ಎರಡಕ್ಕೂ ಒಂದೇ ಹೆಸರಿಡುವ ರೂಢಿ ಇರುವುದರಿಂದ ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಒಂದು ನೇಮ್‌ಸ್ಪೇಸ್ ಹತ್ತು ಅಸೆಂಬ್ಲಿಗಳಲ್ಲಿ ಹರಡಿರಬಹುದು. ಒಂದು ಅಸೆಂಬ್ಲಿಯಲ್ಲಿ ಹತ್ತು ನೇಮ್‌ಸ್ಪೇಸ್ ಇರಬಹುದು.

ಇನ್ನೊಂದು ಮಾತು. ಎರಡನೇ ಆರ್ಗ್ಯುಮೆಂಟ್ ಆಗಿ ಟ್ರೂ ಕೊಡಿ. ಆಗ ನಲ್ ಬದಲು ಎಕ್ಸೆಪ್ಶನ್ ಬರುತ್ತದೆ, ಏನು ಸಿಗಲಿಲ್ಲ ಅನ್ನುವುದೂ ಅದರಲ್ಲಿ ಇರುತ್ತದೆ. ಇಲ್ಲದಿದ್ದರೆ ಆ ನಲ್ ಎಲ್ಲೋ ದೂರ ಹೋಗಿ ಒಡೆಯುತ್ತದೆ. ಕಾರಣ ಹುಡುಕುವಷ್ಟರಲ್ಲಿ ಸಾಕಾಗುತ್ತದೆ.

ಗೆರೆಸಾಲು

ಸಣ್ಣದೊಂದು ಸೇರಿಸುತ್ತೇನೆ. ಕ್ಲಾಸಿನೊಳಗೆ ಕ್ಲಾಸ್ ಇದ್ದರೆ ನಡುವೆ ಚುಕ್ಕಿ ಅಲ್ಲ, ಪ್ಲಸ್ ಗುರುತು ಬರಬೇಕು. ಜೆನೆರಿಕ್ ಆದರೆ ಹೆಸರಿನ ಕೊನೆಗೆ ಬ್ಯಾಕ್‌ಟಿಕ್ ಹಾಕಿ ಎಷ್ಟು ಟೈಪ್ ಪ್ಯಾರಾಮೀಟರ್ ಇವೆ ಅನ್ನುವ ಸಂಖ್ಯೆ ಬರೆಯಬೇಕು. ಲಿಸ್ಟ್`1, ಡಿಕ್ಷನರಿ`2 ಹೀಗೆ. ಈ ಎರಡರಲ್ಲಿ ನಾನು ಕಳೆದುಕೊಂಡ ಸಂಜೆಗಳು ಕಡಿಮೆಯಲ್ಲ.

ಅರಳುಕೋಡು

ಧನ್ಯವಾದ. ಅಲ್ಪವಿರಾಮ ಹಾಕಿ, ಟ್ರೂ ಕೊಟ್ಟು ನೋಡಿದೆ. ಈಗ ಫೈಲ್‌ನಾಟ್‌ಫೌಂಡ್ ಎಕ್ಸೆಪ್ಶನ್: "ಕಡತಗಳು" ಅಸೆಂಬ್ಲಿ ಸಿಗಲಿಲ್ಲವಂತೆ. ಡಿಎಲ್‌ಎಲ್ ಪ್ಲಗಿನ್‌ಗಳು ಎಂಬ ಉಪಫೋಲ್ಡರ್‌ನಲ್ಲಿದೆ. ಎಕ್ಸಿಕ್ಯೂಟಬಲ್ ಪಕ್ಕದಲ್ಲೇ ಇಟ್ಟು ನೋಡಿದರೂ ಅದೇ ಕಥೆ.

ಕಿರುದಾರಿ

ಇಷ್ಟು ಕಷ್ಟ ಯಾಕೆ? ರೆಫರೆನ್ಸ್ ಕೊಟ್ಟುಬಿಡಿ. ಆಮೇಲೆ ಆಪ್‌ಡೊಮೇನ್‌ನ ಗೆಟ್‌ಅಸೆಂಬ್ಲೀಸ್ ಮೇಲೆ ಒಂದು ಲೂಪ್ ಓಡಿಸಿ, ಎಲ್ಲ ಟೈಪ್‌ಗಳಲ್ಲಿ ಐಓದುಗ ಯಾವುದು ಅಂತ ನೋಡಿ. ನಾನು ಹಾಗೇ ಮಾಡುವುದು.

ಹಳೆಬೇರು

ಕಿರುದಾರಿ, ಅದು ಕೆಲವೊಮ್ಮೆ ನಡೆಯುತ್ತದೆ. ನನಗೆ ಭಯ ಇರುವುದು ಆ "ಕೆಲವೊಮ್ಮೆ" ಬಗ್ಗೆಯೇ.

ಗೆಟ್‌ಅಸೆಂಬ್ಲೀಸ್ ಕೊಡುವುದು ಈ ಕ್ಷಣಕ್ಕೆ ಲೋಡ್ ಆಗಿರುವ ಅಸೆಂಬ್ಲಿಗಳನ್ನು ಮಾತ್ರ. ಡಾಟ್‌ನೆಟ್ ಮೊದಲೇ ಎಲ್ಲವನ್ನೂ ಲೋಡ್ ಮಾಡಿ ಇಟ್ಟುಕೊಳ್ಳುವುದಿಲ್ಲ. ಒಂದು ಮೆಥಡ್ ಮೊದಲ ಸಲ ಓಡುವ ಹೊತ್ತಿಗೆ, ಅದರೊಳಗೆ ಬಳಸಿದ ಟೈಪ್ ಇರುವ ಅಸೆಂಬ್ಲಿ ಬರುತ್ತದೆ. ಆದ್ದರಿಂದ ನಿಮ್ಮ ಲೂಪ್‌ಗೆ ಏನು ಕಾಣುತ್ತದೆ ಅನ್ನುವುದು ಅದಕ್ಕಿಂತ ಮುಂಚೆ ಯಾವ ಕೋಡ್ ಓಡಿತ್ತು ಅನ್ನುವುದರ ಮೇಲೆ ನಿಂತಿದೆ. ಎರಡು ಸಾಲು ಮೇಲೆ ಕೆಳಗೆ ಮಾಡಿದರೂ ಫಲಿತಾಂಶ ಬದಲಾಗಬಹುದು.

ಇನ್ನೂ ಒಂದು ಸಂಗತಿ ಇದೆ. ಪ್ರಾಜೆಕ್ಟ್ ರೆಫರೆನ್ಸ್ ಕೊಟ್ಟಿದ್ದರೂ, ಅದರ ಒಂದು ಟೈಪನ್ನೂ ಕೋಡ್‌ನಲ್ಲಿ ಬಳಸದಿದ್ದರೆ ಕಂಪೈಲರ್ ಆ ರೆಫರೆನ್ಸನ್ನು ಅಸೆಂಬ್ಲಿಯ ಒಳಗೆ ಬರೆಯುವುದೇ ಇಲ್ಲ. ಪ್ಲಗಿನ್ ವಿಷಯದಲ್ಲಿ ಹೀಗಾಗುವುದೇ ಜಾಸ್ತಿ, ಯಾಕೆಂದರೆ ನಾವು ಅದನ್ನು ನೇರವಾಗಿ ಮುಟ್ಟುವುದಿಲ್ಲ. ಗೆಟ್‌ರೆಫರೆನ್ಸ್ಡ್‌ಅಸೆಂಬ್ಲೀಸ್ ಹಿಡಿದು ಹೊರಟರೂ ಅಲ್ಲಿ ಅದರ ಹೆಸರು ಇರುವುದಿಲ್ಲ.

ಅರಳುಕೋಡು, ನಿಮ್ಮ ವಿಷಯಕ್ಕೆ ಬರೋಣ. ಎಕ್ಸಿಕ್ಯೂಟಬಲ್ ಪಕ್ಕದಲ್ಲಿ ಇಟ್ಟರೂ ಸಿಗದಿರುವುದಕ್ಕೆ ಕಾರಣ ಇದೆ. ಬಿಲ್ಡ್ ಆದಾಗ ಡೆಪ್ಸ್.ಜೆಸಾನ್ ಎಂಬ ಕಡತ ಹುಟ್ಟುತ್ತದೆ. ಪ್ರೋಗ್ರಾಂ ಶುರುವಾಗುವಾಗ ರನ್‌ಟೈಮ್ ಅದನ್ನು ನೋಡಿ, ಯಾವ ಅಸೆಂಬ್ಲಿ ಎಲ್ಲಿದೆ ಎಂಬ ಪಟ್ಟಿ ಮಾಡಿಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಇಲ್ಲದ್ದು ಹೆಸರಿನಿಂದ ಸಿಗುವುದಿಲ್ಲ. ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ ಪ್ರೋಗ್ರಾಂನ ಫೋಲ್ಡರನ್ನೇ ತಡಕುತ್ತಿತ್ತು. ಅದರ ಅಭ್ಯಾಸ ಇದ್ದವರು ಇಲ್ಲಿ ಎಡವುತ್ತಾರೆ.

ಅಂದರೆ ನೀವೇ ದಾರಿ ತೋರಿಸಿ ಲೋಡ್ ಮಾಡಬೇಕು. ಮೂರು ಮೆಥಡ್ ಇವೆ, ಮೂರೂ ಬೇರೆ ಬೇರೆ. ಅಸೆಂಬ್ಲಿ.ಲೋಡ್ ಹೆಸರು ಕೇಳುತ್ತದೆ, ಅದಕ್ಕೂ ಈಗ ಹೇಳಿದ ನಿಯಮವೇ. ಲೋಡ್‌ಫ್ರಮ್ ಕಡತದ ದಾರಿ ಕೇಳುತ್ತದೆ, ಡೀಫಾಲ್ಟ್ ಕಾಂಟೆಕ್ಸ್ಟ್‌ಗೆ (ಕಾಂಟೆಕ್ಸ್ಟ್ ಅಂದರೆ ಲೋಡ್ ಮಾಡಿದ ಅಸೆಂಬ್ಲಿಗಳನ್ನು ಇಡುವ ಗುಂಪು) ತರುತ್ತದೆ, ಅದು ಕೇಳುವ ಬೇರೆ ಲೈಬ್ರರಿಗಳನ್ನು ಅದೇ ಫೋಲ್ಡರ್‌ನಲ್ಲಿ ಹುಡುಕುತ್ತದೆ. ಲೋಡ್‌ಫೈಲ್ ಕೂಡ ದಾರಿಯನ್ನೇ ಕೇಳುತ್ತದೆ, ಆದರೆ ಆ ಒಂದು ಕಡತವನ್ನು ಪ್ರತ್ಯೇಕ ಕಾಂಟೆಕ್ಸ್ಟ್‌ನಲ್ಲಿ ಇಡುತ್ತದೆ. ಸದ್ಯಕ್ಕೆ ಲೋಡ್‌ಫ್ರಮ್ ಬಳಸಿ. ಅಸೆಂಬ್ಲಿ ಕೈಗೆ ಬಂದ ಮೇಲೆ ಅದರ ಮೇಲೆಯೇ ಗೆಟ್‌ಟೈಪ್ ಕರೆಯಿರಿ. ಆಗ ಅಲ್ಪವಿರಾಮ ಬೇಡ, ಹುಡುಕುವ ಜಾಗ ಆ ಅಸೆಂಬ್ಲಿ ಒಂದೇ. ಆಮೇಲೆ ಆಕ್ಟಿವೇಟರ್.ಕ್ರಿಯೇಟ್‌ಇನ್‌ಸ್ಟನ್ಸ್ ಕರೆದು ಐಓದುಗಕ್ಕೆ ಕ್ಯಾಸ್ಟ್ ಮಾಡಿ.

ಕಿರುದಾರಿ

ಕಂಪೈಲರ್ ರೆಫರೆನ್ಸ್ ಬಿಟ್ಟುಬಿಡುವ ವಿಷಯ ಗೊತ್ತಿರಲಿಲ್ಲ. ನನ್ನ ಒಂದು ಟೆಸ್ಟ್ ಒಬ್ಬಂಟಿಯಾಗಿ ಓಡಿಸಿದರೆ ಬಿದ್ದುಹೋಗುತ್ತದೆ, ಎಲ್ಲದರ ಜೊತೆ ಓಡಿಸಿದರೆ ಪಾಸಾಗುತ್ತದೆ. ಕಾರಣ ಇವತ್ತು ಸಿಕ್ಕಿತು. ತುಂಬಾ ಉಪಕಾರ.

ಅರಳುಕೋಡು

ಲೋಡ್‌ಫ್ರಮ್ ಕೆಲಸ ಮಾಡಿತು! ಮೊದಲ ಪ್ಲಗಿನ್ ಓಡಿತು. ಖುಷಿಯಾಗಿ ಎರಡನೇ ಪ್ಲಗಿನ್ ಬರೆದೆ, ಹೊಸ ತೊಂದರೆ ಬಂತು. ಎರಡೂ ಒಂದೇ ಲೈಬ್ರರಿಯನ್ನು ಬಳಸುತ್ತವೆ, ಆದರೆ ಮೊದಲನೆಯದು ಅದರ ಹಳೆಯ ಆವೃತ್ತಿ, ಎರಡನೆಯದು ಹೊಸದು. ಎರಡನೇ ಪ್ಲಗಿನ್ ಲೋಡ್ ಆಗುವಾಗ ಫೈಲ್‌ಲೋಡ್ ಎಕ್ಸೆಪ್ಶನ್. ಪ್ಲಗಿನ್‌ಗಳ ಕ್ರಮ ಹಿಂದುಮುಂದು ಮಾಡಿದರೆ ಎರಡೂ ಓಡುತ್ತವೆ! ಇದನ್ನು ನಂಬಬಹುದೇ?

ಹಳೆಬೇರು

ನಂಬಬೇಡಿ. ಕ್ರಮ ಬದಲಿಸಿದಾಗ ಹೊಸ ಆವೃತ್ತಿ ಮೊದಲು ಬಂದು ಕೂತಿತು. ಹಳೆಯದನ್ನು ಕೇಳಿದ ಪ್ಲಗಿನ್‌ಗೂ ಅದನ್ನೇ ಕೊಟ್ಟಿತು. ಕೇಳಿದ್ದಕ್ಕಿಂತ ಹೊಸದು ಇದ್ದರೆ ಡೀಫಾಲ್ಟ್ ಕಾಂಟೆಕ್ಸ್ಟ್ ಒಪ್ಪುತ್ತದೆ, ಹಳೆಯದಿದ್ದರೆ ಒಪ್ಪುವುದಿಲ್ಲ. ನಾಳೆ ಆ ಲೈಬ್ರರಿಯ ಹೊಸ ಆವೃತ್ತಿಯಲ್ಲಿ ಒಂದು ಮೆಥಡ್ ತೆಗೆದುಹಾಕಿದ್ದರೆ ನಿಮ್ಮ ಮೊದಲ ಪ್ಲಗಿನ್ ನಡು ಕೆಲಸದಲ್ಲಿ ಬೀಳುತ್ತದೆ.

ಒಂದು ಕಾಂಟೆಕ್ಸ್ಟ್‌ನಲ್ಲಿ ಒಂದು ಹೆಸರಿನ ಅಸೆಂಬ್ಲಿ ಒಂದೇ ಇರಬಹುದು. ಎರಡು ಆವೃತ್ತಿ ಬೇಕೆಂದರೆ ಎರಡು ಕಾಂಟೆಕ್ಸ್ಟ್ ಬೇಕು. ಡಾಟ್‌ನೆಟ್ ಕೋರ್ 3.0 ಬಂದಾಗಿನಿಂದ, ಅಂದರೆ 2019ರಿಂದ, ಇದಕ್ಕೆ ಒಳ್ಳೆಯ ಸಾಧನ ಇದೆ. ಅಸೆಂಬ್ಲಿಲೋಡ್‌ಕಾಂಟೆಕ್ಸ್ಟ್ ಕ್ಲಾಸಿನಿಂದ ನಿಮ್ಮದೇ ಕ್ಲಾಸ್ ಮಾಡಿ. ಪ್ರತಿ ಪ್ಲಗಿನ್‌ಗೆ ಒಂದೊಂದು ಇನ್‌ಸ್ಟನ್ಸ್. ಅದರೊಳಗೆ ಅಸೆಂಬ್ಲಿಡಿಪೆಂಡೆನ್ಸಿರಿಸಾಲ್ವರ್ ಇಟ್ಟುಕೊಳ್ಳಿ, ಪ್ಲಗಿನ್ ಡಿಎಲ್‌ಎಲ್‌ನ ದಾರಿ ಕೊಡಿ. ಅದು ಪ್ಲಗಿನ್‌ನ ಡೆಪ್ಸ್.ಜೆಸಾನ್ ಓದಿ, ಯಾವ ಹೆಸರಿಗೆ ಯಾವ ಕಡತ ಅಂತ ಹೇಳುತ್ತದೆ. ಲೋಡ್ ಮೆಥಡ್ ಓವರ್‌ರೈಡ್ ಮಾಡಿ, ರಿಸಾಲ್ವರ್ ದಾರಿ ಕೊಟ್ಟರೆ ಲೋಡ್‌ಫ್ರಮ್‌ಅಸೆಂಬ್ಲಿಪಾತ್ ಕರೆಯಿರಿ, ಇಲ್ಲದಿದ್ದರೆ ನಲ್ ಹಿಂತಿರುಗಿಸಿ. ನಲ್ ಅಂದರೆ "ನನ್ನಲ್ಲಿ ಇಲ್ಲ, ಡೀಫಾಲ್ಟ್ ಕಡೆ ಕೇಳು" ಎಂದು ಅರ್ಥ.

ಪ್ಲಗಿನ್ ಪ್ರಾಜೆಕ್ಟ್ ಕಡತದಲ್ಲಿ ಎನೇಬಲ್‌ಡೈನಾಮಿಕ್‌ಲೋಡಿಂಗ್ ಅನ್ನು ಟ್ರೂ ಮಾಡುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ನ್ಯೂಗೆಟ್ ಎಂಬ ಪ್ಯಾಕೇಜ್ ಭಂಡಾರದಿಂದ ಬಂದ ಲೈಬ್ರರಿಗಳು ಔಟ್‌ಪುಟ್ ಫೋಲ್ಡರ್‌ಗೆ ಕಾಪಿ ಆಗುವುದಿಲ್ಲ.

ಅರಳುಕೋಡು

ನೀವು ಹೇಳಿದಂತೆ ಬರೆದೆ. ಎಕ್ಸೆಪ್ಶನ್ ಹೋಯಿತು. ಆದರೆ ಈಗ ಒಂದೂ ಪ್ಲಗಿನ್ ಸಿಗುತ್ತಿಲ್ಲ. ಗೆಟ್‌ಟೈಪ್ಸ್‌ನಲ್ಲಿ ಸಾಲುಓದುಗ ಕಾಣುತ್ತದೆ. ಅದರ ಇಂಟರ್‌ಫೇಸ್‌ಗಳ ಪಟ್ಟಿ ಪ್ರಿಂಟ್ ಮಾಡಿದರೆ ಒಪ್ಪಂದ.ಐಓದುಗ ಅಂತಲೇ ಬರುತ್ತದೆ. ಆದರೂ ಟೈಪ್‌ಆಫ್(ಐಓದುಗ).ಈಸ್‌ಅಸೈನಬಲ್‌ಫ್ರಮ್ ಫಾಲ್ಸ್ ಅನ್ನುತ್ತದೆ. ಹಟ ಹಿಡಿದು ಕ್ಯಾಸ್ಟ್ ಮಾಡಿದರೆ ಸಾಲುಓದುಗವನ್ನು ಐಓದುಗಕ್ಕೆ ಬದಲಿಸಲು ಆಗುವುದಿಲ್ಲ ಅನ್ನುವ ಅರ್ಥದ ಸಂದೇಶ. ಕಣ್ಣೆದುರು ಎರಡೂ ಕಡೆ ಒಂದೇ ಹೆಸರಿದೆ, ಅಲ್ವಾ?

ಜಾವಾದಾರಿ

ನಾನು ಡಾಟ್‌ನೆಟ್ ಬಳಸುವವನಲ್ಲ. ಆದರೂ ಇದನ್ನು ನೋಡಿದ ಕೂಡಲೇ ಬರೆಯಬೇಕು ಅನ್ನಿಸಿತು, ಯಾಕೆಂದರೆ ಜಾವಾದಲ್ಲಿ ಇದೇ ನೋವು ತಿಂದಿದ್ದೇನೆ.

ಜಾವಾ ವರ್ಚುವಲ್ ಮಷೀನ್‌ನಲ್ಲಿ ಒಂದು ಕ್ಲಾಸ್ ಯಾವುದು ಅನ್ನುವುದನ್ನು ಹೆಸರೊಂದೇ ತೀರ್ಮಾನಿಸುವುದಿಲ್ಲ. ಹೆಸರು ಮತ್ತು ಅದನ್ನು ಹುಟ್ಟಿಸಿದ ಕ್ಲಾಸ್‌ಲೋಡರ್, ಎರಡೂ ಸೇರಿದರೆ ಮಾತ್ರ ಒಂದು ಕ್ಲಾಸ್. ಅದೇ ಬೈಟ್‌ಗಳನ್ನು ಎರಡು ಲೋಡರ್‌ಗಳು ಲೋಡ್ ಮಾಡಿದರೆ ಅವು ಎರಡು ಬೇರೆ ಬೇರೆ ಕ್ಲಾಸ್. ಒಂದರ ಆಬ್ಜೆಕ್ಟ್ ಇನ್ನೊಂದರ ವೇರಿಯಬಲ್‌ನಲ್ಲಿ ಕೂರುವುದಿಲ್ಲ. ಒಂದೇ ಹೆಸರು ಎರಡು ಸಲ ಬರುವ ಕ್ಲಾಸ್‌ಕ್ಯಾಸ್ಟ್ ಎಕ್ಸೆಪ್ಶನ್ ನೋಡಿ ನಾನು ಮೊದಲ ಸಲ ಕಂಪೈಲರ್ ಕೆಟ್ಟಿದೆ ಅಂದುಕೊಂಡಿದ್ದೆ.

ನಿಮ್ಮ ಕಾಂಟೆಕ್ಸ್ಟ್ ನಮ್ಮ ಕ್ಲಾಸ್‌ಲೋಡರ್‌ನ ಸೋದರ ಇದ್ದಂತಿದೆ. ಇಂಟರ್‌ಫೇಸ್ ಇರುವ ಲೈಬ್ರರಿ ಎರಡು ಸಲ ಲೋಡ್ ಆಗಿದೆಯೇ ನೋಡಿ. ಪ್ಲಗಿನ್ ಫೋಲ್ಡರ್‌ನಲ್ಲಿ ಅದರ ಕಾಪಿ ಇದೆಯೇ?

ಹಳೆಬೇರು

ಜಾವಾದಾರಿ ಹೇಳಿದ್ದು ನೂರಕ್ಕೆ ನೂರು ಸರಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಇಡೀ ಚರ್ಚೆಯ ಗಂಟು ಇರುವುದೇ ಇಲ್ಲಿ.

ಡಾಟ್‌ನೆಟ್‌ನಲ್ಲೂ ಟೈಪ್ ಅಂದರೆ ಹೆಸರಲ್ಲ. ಹೆಸರು, ಅದು ಇರುವ ಅಸೆಂಬ್ಲಿ, ಆ ಅಸೆಂಬ್ಲಿ ಯಾವ ಕಾಂಟೆಕ್ಸ್ಟ್‌ಗೆ ಬಂದಿದೆ, ಈ ಮೂರೂ ಸೇರಿ ಒಂದು ಟೈಪ್. ನೀವು ಮೊದಲ ದಿನ ಕೇಳಿದ ಪ್ರಶ್ನೆಗೆ ಎರಡನೆಯದು ಉತ್ತರ, ಇವತ್ತಿನ ಪ್ರಶ್ನೆಗೆ ಮೂರನೆಯದು.

ಆಗಿದ್ದೇನೆಂದರೆ, ಪ್ಲಗಿನ್ ಬಿಲ್ಡ್ ಮಾಡುವಾಗ ಒಪ್ಪಂದ.ಡಿಎಲ್‌ಎಲ್ ಕೂಡ ಅದರ ಫೋಲ್ಡರ್‌ಗೆ ಕಾಪಿ ಆಯಿತು. ನಿಮ್ಮ ಕಾಂಟೆಕ್ಸ್ಟ್ "ಒಪ್ಪಂದ ಕೊಡು" ಅಂತ ಕೇಳಿದಾಗ ರಿಸಾಲ್ವರ್ ಆ ಕಾಪಿಯನ್ನು ತೋರಿಸಿತು. ಹಾಗಾಗಿ ಸಾಲುಓದುಗ ತುಂಬಿಸಿರುವುದು ಪ್ಲಗಿನ್ ಕಾಂಟೆಕ್ಸ್ಟ್‌ನ ಐಓದುಗವನ್ನು. ಮುಖ್ಯ ಪ್ರೋಗ್ರಾಂ ಕೇಳುತ್ತಿರುವುದು ಡೀಫಾಲ್ಟ್ ಕಾಂಟೆಕ್ಸ್ಟ್‌ನ ಐಓದುಗವನ್ನು. ರನ್‌ಟೈಮ್ ಕಣ್ಣಿಗೆ ಇವೆರಡಕ್ಕೂ ಯಾವ ನಂಟೂ ಇಲ್ಲ.

ಪರಿಹಾರ ಎರಡು ಕಡೆ ಮಾಡಿ. ಪ್ಲಗಿನ್ ಪ್ರಾಜೆಕ್ಟ್‌ನಲ್ಲಿ ಒಪ್ಪಂದದ ರೆಫರೆನ್ಸ್ ಒಳಗೆ ಪ್ರೈವೇಟ್ ಅನ್ನು ಫಾಲ್ಸ್ ಮಾಡಿ, ಎಕ್ಸ್‌ಕ್ಲೂಡ್‌ಅಸೆಟ್ಸ್ ಅನ್ನು ರನ್‌ಟೈಮ್ ಮಾಡಿ. ಆಗ ಕಂಪೈಲ್‌ಗೆ ಅದು ಸಿಗುತ್ತದೆ, ಔಟ್‌ಪುಟ್‌ಗೆ ಕಾಪಿ ಆಗುವುದಿಲ್ಲ. ಆದರೆ ಪ್ಲಗಿನ್ ಬರೆಯುವವರೆಲ್ಲ ಇದನ್ನು ನೆನಪಿಡುತ್ತಾರೆ ಅಂತ ನಂಬುವ ಹಾಗಿಲ್ಲ. ಅದಕ್ಕೆ ಲೋಡ್ ಮೆಥಡ್‌ನ ಮೊದಲ ಸಾಲಲ್ಲೇ ನೋಡಿಬಿಡಿ: ಕೇಳಿದ ಹೆಸರು "ಒಪ್ಪಂದ" ಆಗಿದ್ದರೆ ರಿಸಾಲ್ವರ್ ಕಡೆ ಹೋಗದೆ ನಲ್ ಹಿಂತಿರುಗಿಸಿ. ಡೀಫಾಲ್ಟ್ ಕಾಂಟೆಕ್ಸ್ಟ್‌ನದೇ ಸಿಗುತ್ತದೆ.

ಒಪ್ಪಂದದ ಮೆಥಡ್‌ಗಳ ಪ್ಯಾರಾಮೀಟರ್, ರಿಟರ್ನ್ ಟೈಪ್‌ಗಳನ್ನೂ ಒಮ್ಮೆ ನೋಡಿ. ಯಾವುದೋ ನ್ಯೂಗೆಟ್ ಲೈಬ್ರರಿಯ ಟೈಪ್ ಅಲ್ಲಿ ಕಾಣಿಸಿಕೊಂಡಿದ್ದರೆ ಆ ಲೈಬ್ರರಿಯನ್ನೂ ಹಂಚಿಕೊಳ್ಳಬೇಕಾಗುತ್ತದೆ. ಅದರ ಆವೃತ್ತಿಯ ಜಗಳ ಮತ್ತೆ ಮನೆಯೊಳಗೆ ಬಂದಂತೆ. ಒಪ್ಪಂದದಲ್ಲಿ ಸ್ಟ್ರಿಂಗ್, ಸ್ಟ್ರೀಮ್, ನಿಮ್ಮದೇ ಪುಟ್ಟ ಕ್ಲಾಸ್‌ಗಳು ಇಷ್ಟೇ ಇರಲಿ.

ಅರಳುಕೋಡು

ಎರಡೂ ಮಾಡಿದೆ. ಎರಡು ಪ್ಲಗಿನ್‌ಗಳೂ ತಮ್ಮ ತಮ್ಮ ಆವೃತ್ತಿಯ ಲೈಬ್ರರಿ ಜೊತೆ ಓಡುತ್ತಿವೆ. ಎರಡು ದಿನ ಅಲ್ಲಿ ಇಲ್ಲಿ ತುಣುಕು ಓದಿದರೂ ತಲೆಗೆ ಹೋಗದ್ದು ಈ ಎರಡು ಪೋಸ್ಟ್‌ನಲ್ಲಿ ಹೋಯಿತು. ಇಬ್ಬರಿಗೂ ಮನಸಾರೆ ಧನ್ಯವಾದ.

ಇನ್ನೊಂದು ವಿಚಿತ್ರ ಉಳಿದಿದೆ. ಮೂರನೇ ಕ್ಲಾಸಿಗೆ "ಲಾಗ್‌ಕಡತ" ಅಂತ ಹೆಸರಿಟ್ಟೆ. ನಾನು ಕ್ಲಾಸ್‌ಗಳಿಗೆ ಕನ್ನಡದಲ್ಲೇ ಹೆಸರಿಡುತ್ತೇನೆ. ಕೋಡ್‌ನಿಂದಲೇ ಕಾಪಿ ಮಾಡಿ ಕಾನ್ಫಿಗ್‌ಗೆ ಹಾಕಿದ್ದೇನೆ. ಆದರೂ ಗೆಟ್‌ಟೈಪ್ ನಲ್ ಕೊಡುತ್ತದೆ. ಉಳಿದ ಕ್ಲಾಸ್‌ಗಳು ಸಿಗುತ್ತವೆ, ಇದೊಂದೇ ಇಲ್ಲ.

ತಾಳೆಓಲೆ

ಆಹಾ, ಇದು ನಮ್ಮ ಲಿಪಿಯ ವಿಷಯ! ನಾನೂ ಕನ್ನಡ ಹೆಸರುಗಳನ್ನೇ ಬಳಸುತ್ತೇನೆ, ಇದೇ ಹಳ್ಳಕ್ಕೆ ಬಿದ್ದಿದ್ದೇನೆ.

"ಲಾಗ್‌ಕಡತ" ಬರೆಯುವಾಗ ಗ್ ಮತ್ತು ಕ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಒತ್ತಕ್ಷರ ಆಗದಂತೆ ತಡೆಯುವ ಝೀರೋ ವಿಡ್ತ್ ನಾನ್‌ಜಾಯ್ನರ್, ಯುನಿಕೋಡ್ ಸಂಖ್ಯೆ 200ಸಿ. ಸಿ ಶಾರ್ಪ್ ಯುನಿಕೋಡ್ ಹೆಸರುಗಳನ್ನು ಒಪ್ಪುತ್ತದೆ. ಆದರೆ ಭಾಷೆಯ ನಿಯಮದ ಪ್ರಕಾರ ಇಂಥ ಫಾರ್ಮ್ಯಾಟಿಂಗ್ ಅಕ್ಷರಗಳು ಹೆಸರಿನ ಭಾಗವಲ್ಲ, ಕಂಪೈಲರ್ ಅವನ್ನು ತೆಗೆದುಬಿಡುತ್ತದೆ. ಹಾಗಾಗಿ ಅಸೆಂಬ್ಲಿಯೊಳಗೆ ಕೂತಿರುವ ಹೆಸರಿನಲ್ಲಿ ಅದಿಲ್ಲ. ನಿಮ್ಮ ಕಾನ್ಫಿಗ್‌ನ ಸ್ಟ್ರಿಂಗ್‌ನಲ್ಲಿ ಇದೆ. ಕೋಡ್‌ನಲ್ಲಿ ನೇರವಾಗಿ ಬಳಸಿದರೆ ಎರಡೂ ಕಡೆ ಕಂಪೈಲರೇ ತೆಗೆಯುವುದರಿಂದ ತೊಂದರೆ ಕಾಣುವುದಿಲ್ಲ. ಸ್ಟ್ರಿಂಗ್ ಹಿಡಿದು ರಿಫ್ಲೆಕ್ಷನ್‌ಗೆ ಹೋದಾಗ ಮಾತ್ರ ಸಿಕ್ಕಿಬೀಳುತ್ತೇವೆ. ಟೈಪ್‌ನ ನೇಮ್ ತೆಗೆದು ಉದ್ದ ನೋಡಿ. ಕಾನ್ಫಿಗ್‌ನಲ್ಲಿ 8, ಅಸೆಂಬ್ಲಿಯಲ್ಲಿ 7 ಬರಬೇಕು.

ಜೊತೆಗೆ ಕೊ, ಕೋ, ಕೇ ಇಂಥ ಸ್ವರಗಳ ವಿಷಯವೂ ಇದೆ. ಇವುಗಳ ಚಿಹ್ನೆಯನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ನೋಡಲು ಒಂದೇ, ಹೋಲಿಸಿದರೆ ಬೇರೆ. ಕಾನ್ಫಿಗ್‌ನಿಂದ ಓದಿದ ಹೆಸರಿಗೆ ನಾರ್ಮಲೈಜ್ ಕರೆದು, 200ಸಿ ಮತ್ತು 200ಡಿ ಎರಡನ್ನೂ ತೆಗೆದು ಆಮೇಲೆ ಹುಡುಕಿ. ಕನ್ನಡ ಹೆಸರು ಇಡುವುದನ್ನು ಮಾತ್ರ ಬಿಡಬೇಡಿ. ಓದಲು ಎಷ್ಟು ಹಿತವಾಗಿದೆ!

ಅರಳುಕೋಡು

8 ಮತ್ತು 7. ಹೇಳಿದ ಹಾಗೇ ಬಂತು. ಸರಿಯಾಯಿತು.

ಕಾವಲುಗಣ್ಣು

ನಡುವೆ ಬಂದು ಮಾತಾಡುತ್ತಿದ್ದೇನೆ, ಕ್ಷಮಿಸಿ. ಕಾನ್ಫಿಗ್‌ನಲ್ಲಿ ಬರೆದ ಹೆಸರನ್ನು ಹಿಡಿದು ನೇರವಾಗಿ ಆಬ್ಜೆಕ್ಟ್ ಮಾಡುವುದು ನನಗೆ ಸಮಾಧಾನ ಕೊಡುವುದಿಲ್ಲ. ಇವತ್ತು ಅದು ನಿಮ್ಮ ಕಾನ್ಫಿಗ್. ನಾಳೆ ಯಾರೋ ಅದೇ ಮೆಥಡ್‌ಗೆ ನೆಟ್‌ವರ್ಕ್‌ನಿಂದ ಬಂದ ಹೆಸರು ಕೊಡುತ್ತಾರೆ. ಯಾವ ಟೈಪ್ ಹುಟ್ಟಬೇಕು ಅನ್ನುವುದನ್ನು ಹೊರಗಿನವರು ತೀರ್ಮಾನಿಸುವಂತಾದರೆ ಬಾಗಿಲು ತೆರೆದಿಟ್ಟಂತೆ. ಆಬ್ಜೆಕ್ಟ್‌ಗಳನ್ನು ಬೈಟ್‌ಗಳಾಗಿ ಉಳಿಸಿ ಮತ್ತೆ ಕಟ್ಟುತ್ತಿದ್ದ ಬೈನರಿಫಾರ್ಮ್ಯಾಟರ್‌ಗೆ ಆಗಿದ್ದು ಇದೇ. ಡೇಟಾದೊಳಗೆ ಇದ್ದ ಟೈಪ್ ಹೆಸರನ್ನು ನಂಬಿ ಆಬ್ಜೆಕ್ಟ್ ಕಟ್ಟುತ್ತಿತ್ತು. ಅದನ್ನು ಸುರಕ್ಷಿತ ಮಾಡಲು ಆಗುವುದಿಲ್ಲ ಎಂದು ಕೊನೆಗೆ ಡಾಟ್‌ನೆಟ್ 9ರಲ್ಲಿ ಅದರ ಒಳಗಿನ ಕೋಡನ್ನೇ ತೆಗೆದರು. ಈಗ ಕರೆದರೆ ಎಕ್ಸೆಪ್ಶನ್ ಮಾತ್ರ ಬರುತ್ತದೆ.

ಕಾನ್ಫಿಗ್‌ನಲ್ಲಿ ಟೈಪ್ ಹೆಸರು ಬೇಡ, "ಸಾಲು", "ಲಾಗ್" ಇಂಥ ಚಿಕ್ಕ ಕೀ ಇರಲಿ. ಪ್ರತಿ ಪ್ಲಗಿನ್ ತನ್ನ ಕೀ ಏನು ಅಂತ ಅಟ್ರಿಬ್ಯೂಟ್ (ಕೋಡಿಗೆ ಅಂಟಿಸುವ ಗುರುತುಚೀಟಿ) ಮೂಲಕ ಹೇಳಲಿ. ಮುಖ್ಯ ಪ್ರೋಗ್ರಾಂ ಶುರುವಿನಲ್ಲೇ ಒಂದು ಡಿಕ್ಷನರಿ ಕಟ್ಟಿಕೊಳ್ಳಲಿ. ಅದರಲ್ಲಿ ಇಲ್ಲದ ಕೀ ಬಂದರೆ ಅಲ್ಲೇ ನಿಲ್ಲಿಸಿ.

ಇನ್ನೂ ಮುಖ್ಯವಾದದ್ದು: ಬೇರೆ ಕಾಂಟೆಕ್ಸ್ಟ್‌ನಲ್ಲಿ ಇಟ್ಟ ಮಾತ್ರಕ್ಕೆ ಪ್ಲಗಿನ್‌ಗೆ ಬೇಲಿ ಹಾಕಿದಂತೆ ಅಲ್ಲ. ನಿಮ್ಮ ಪ್ರೋಗ್ರಾಂಗೆ ಇರುವ ಎಲ್ಲ ಅಧಿಕಾರವೂ ಅದಕ್ಕಿದೆ. ಗುರುತಿಲ್ಲದವರ ಪ್ಲಗಿನ್ ಓಡಿಸಬೇಕೆಂದರೆ ಬೇರೆ ಪ್ರೋಸೆಸ್‌ನಲ್ಲಿ ಓಡಿಸಿ.

ಹಳೆಬೇರು

ಚಿಕ್ಕ ಕೀ ಅನ್ನುವುದಕ್ಕೆ ನನ್ನ ಪೂರ್ತಿ ಬೆಂಬಲ, ಇನ್ನೊಂದು ಕಾರಣಕ್ಕೂ. ಹಿಂದೆ ನಾನು ಕೆಲಸ ಮಾಡಿದ ಒಂದು ಕಡೆ ಅಸೆಂಬ್ಲಿ, ಆವೃತ್ತಿ ಸಮೇತ ಪೂರ್ತಿ ಟೈಪ್ ಹೆಸರನ್ನು ಡೇಟಾಬೇಸ್‌ನಲ್ಲಿ ಉಳಿಸುತ್ತಿದ್ದೆವು. ಆಮೇಲೆ ಒಂದು ಕ್ಲಾಸನ್ನು ಬೇರೆ ಲೈಬ್ರರಿಗೆ ಸರಿಸಿದೆವು. ಹಳೆಯ ಸಾಲುಗಳು ಒಂದೂ ತೆರೆಯಲಿಲ್ಲ. ಹಳೆಯ ಅಸೆಂಬ್ಲಿಯಲ್ಲಿ ಟೈಪ್‌ಫಾರ್ವರ್ಡೆಡ್‌ಟು ಅಟ್ರಿಬ್ಯೂಟ್ ಹಾಕಿ "ಆ ಟೈಪ್ ಈಗ ಅಲ್ಲಿದೆ" ಅಂತ ಹೇಳಿಸಿದ ಮೇಲೆ ಉಸಿರಾಡಿದೆವು. ಅದು ಒಳ್ಳೆಯ ಸಾಧನವೇ, ಆದರೆ ಅದರ ಅಗತ್ಯ ಬಾರದಂತೆ ಬರೆಯುವುದು ಮೇಲು.

ಅಟ್ರಿಬ್ಯೂಟನ್ನು ಕ್ಲಾಸ್ ಮೇಲಲ್ಲ, ಅಸೆಂಬ್ಲಿ ಮೇಲೆ ಹಾಕಿಸಿ. ಕೀ ಒಂದು, ಕ್ಲಾಸಿನ ಟೈಪ್‌ಆಫ್ ಒಂದು. ಆಗ ಗೆಟ್‌ಟೈಪ್ಸ್ ಕರೆದು ಎಲ್ಲ ಟೈಪ್‌ಗಳನ್ನು ಜಾಲಾಡುವ ಕೆಲಸ ತಪ್ಪುತ್ತದೆ. ಗೆಟ್‌ಟೈಪ್ಸ್‌ಗೆ ಒಂದು ಕೆಟ್ಟ ಗುಣ ಇದೆ. ಇನ್ನೂರು ಟೈಪ್‌ಗಳಲ್ಲಿ ಒಂದರ ಬೇಸ್ ಕ್ಲಾಸ್ ಇರುವ ಡಿಎಲ್‌ಎಲ್ ಸಿಗದಿದ್ದರೂ ಇಡೀ ಕರೆ ರಿಫ್ಲೆಕ್ಷನ್‌ಟೈಪ್‌ಲೋಡ್ ಎಕ್ಸೆಪ್ಶನ್ ಆಗಿ ಬೀಳುತ್ತದೆ. ಅದರ ಟೈಪ್ಸ್ ಅರೇಯಲ್ಲಿ ಲೋಡ್ ಆದವು ಇರುತ್ತವೆ, ಆಗದಿದ್ದ ಕಡೆ ನಲ್ ಇರುತ್ತದೆ. ನಲ್‌ಗಳನ್ನು ಸೋಸಿ ಮುಂದೆ ಹೋಗುವವರು ತುಂಬಾ ಜನ. ದಯವಿಟ್ಟು ಲೋಡರ್‌ಎಕ್ಸೆಪ್ಶನ್ಸ್ ಅನ್ನು ಲಾಗ್ ಮಾಡದೆ ಮುಂದೆ ಹೋಗಬೇಡಿ. ನಿಜವಾದ ಕಾರಣ ಇರುವುದು ಅಲ್ಲಿ ಮಾತ್ರ.

ಜಾವಾದಾರಿ

ಜಾವಾದಲ್ಲಿ ಈ ಕೀ ಮತ್ತು ಪಟ್ಟಿಯ ಕೆಲಸಕ್ಕೆ ಸರ್ವೀಸ್‌ಲೋಡರ್ ಇದೆ, 2006ರ ಜಾವಾ 6ರಿಂದಲೂ. ಜಾರ್ ಒಳಗೆ ಮೆಟಾ-ಇನ್ಫ್/ಸರ್ವೀಸಸ್ ಫೋಲ್ಡರ್‌ನಲ್ಲಿ ಇಂಟರ್‌ಫೇಸ್‌ನ ಹೆಸರಿನದೇ ಕಡತ ಇರುತ್ತದೆ, ಅದರಲ್ಲಿ ಕ್ಲಾಸ್‌ಗಳ ಹೆಸರು. ಪ್ಲಗಿನ್ ತಾನೇ ತನ್ನನ್ನು ತೋರಿಸಿಕೊಳ್ಳುತ್ತದೆ, ಯಾರೂ ಜಾಲಾಡಬೇಕಿಲ್ಲ. ನೀವು ಅಟ್ರಿಬ್ಯೂಟ್‌ನಲ್ಲಿ ಮಾಡುತ್ತಿರುವುದೂ ಅದೇ.

ಸಣ್ಣಬೈನರಿ

ಒಂದು ಎಚ್ಚರಿಕೆ. ಮುಂದೆ ಇದನ್ನು ನೇಟಿವ್ ಎಓಟಿ (ಮೊದಲೇ ಪೂರ್ತಿ ಮಷೀನ್ ಕೋಡ್‌ಗೆ ಕಂಪೈಲ್ ಮಾಡುವುದು) ಮಾಡುವ ಯೋಚನೆ ಇದ್ದರೆ ಈ ದಾರಿ ಮುಚ್ಚಿಹೋಗುತ್ತದೆ. ಅಲ್ಲಿ ಓಡುವ ಹೊತ್ತಿಗೆ ಜಸ್ಟ್ ಇನ್ ಟೈಮ್ ಕಂಪೈಲರ್ ಇರುವುದಿಲ್ಲ, ಹಾಗಾಗಿ ಡಿಎಲ್‌ಎಲ್ ಲೋಡ್ ಮಾಡುವುದೇ ಸಾಧ್ಯವಿಲ್ಲ. ಬರೀ ಟ್ರಿಮ್ ಮಾಡಿದರೂ ಕಷ್ಟ ಇದೆ. ಮುಖ್ಯ ಪ್ರೋಗ್ರಾಂ ತಾನು ಬಳಸದ ಕೋಡನ್ನು ಕತ್ತರಿಸಿ ಬಿಸಾಡುತ್ತದೆ, ಆಮೇಲೆ ಬಂದ ಪ್ಲಗಿನ್ ಅದನ್ನೇ ಕೇಳುತ್ತದೆ. ಪ್ಲಗಿನ್‌ಗಳೆಲ್ಲ ಬಿಲ್ಡ್ ಹೊತ್ತಿಗೆ ಗೊತ್ತಿರುವವೇ ಆದರೆ ಸೋರ್ಸ್ ಜನರೇಟರ್ (ಬಿಲ್ಡ್ ಹೊತ್ತಿಗೆ ತಾನೇ ಕೋಡ್ ಹುಟ್ಟಿಸುವ ಸಾಧನ) ಬರೆದು ಆ ಡಿಕ್ಷನರಿಯನ್ನು ಕಂಪೈಲ್ ಹೊತ್ತಿಗೇ ಕಟ್ಟಿಬಿಡಿ. ಅಲ್ಲಿ ಹೆಸರು ತಪ್ಪಿದರೆ ಬಿಲ್ಡೇ ನಿಲ್ಲುತ್ತದೆ.

ಸಿಂಗಲ್ ಫೈಲ್ ಆಗಿ ಪಬ್ಲಿಷ್ ಮಾಡುತ್ತೀರಾದರೆ ಅಸೆಂಬ್ಲಿ.ಲೊಕೇಶನ್ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಪ್ಲಗಿನ್ ಫೋಲ್ಡರ್ ಹುಡುಕಲು ಆಪ್‌ಕಾಂಟೆಕ್ಸ್ಟ್.ಬೇಸ್‌ಡೈರೆಕ್ಟರಿ ಬಳಸಿ.

ಅರಳುಕೋಡು

ಪ್ಲಗಿನ್‌ಗಳು ಆಮೇಲೆ ಬರುವಂಥವು, ಹಾಗಾಗಿ ಎಓಟಿ ನನಗೆ ಹೊಂದುವುದಿಲ್ಲ. ಬೇಸ್‌ಡೈರೆಕ್ಟರಿ ಈಗಲೇ ಬದಲಿಸಿದೆ. ಚಿಕ್ಕ ಕೀ, ಅಸೆಂಬ್ಲಿ ಮೇಲಿನ ಅಟ್ರಿಬ್ಯೂಟ್ ಎರಡನ್ನೂ ಮಾಡಿದೆ, ಕೋಡ್ ಅರ್ಧದಷ್ಟಾಯಿತು.

ಕೊನೆಯ ಪ್ರಶ್ನೆ. ಪ್ರೋಗ್ರಾಂ ನಿಲ್ಲಿಸದೆ ಪ್ಲಗಿನ್‌ನ ಹೊಸ ಆವೃತ್ತಿ ಹಾಕಬೇಕು. ಕಾಂಟೆಕ್ಸ್ಟ್ ಮಾಡುವಾಗ ಈಸ್‌ಕಲೆಕ್ಟಿಬಲ್ ಟ್ರೂ ಕೊಟ್ಟೆ, ಕೆಲಸ ಮುಗಿದ ಮೇಲೆ ಅನ್‌ಲೋಡ್ ಕರೆದೆ. ವಿಂಡೋಸ್‌ನಲ್ಲಿ ಹಳೆಯ ಡಿಎಲ್‌ಎಲ್ ಇನ್ನೂ ಲಾಕ್ ಆಗಿದೆ, ಅಳಿಸಲು ಬಿಡುತ್ತಿಲ್ಲ.

ಹಳೆಬೇರು

ಅನ್‌ಲೋಡ್ ಅನ್ನುವುದು ಅಪ್ಪಣೆಯಲ್ಲ, ಕೋರಿಕೆ. ಆ ಕಾಂಟೆಕ್ಸ್ಟ್‌ನ ಯಾವ ಮೆಥಡ್ಡೂ ಯಾವ ಥ್ರೆಡ್‌ನಲ್ಲೂ ಓಡುತ್ತಿರಬಾರದು. ಅದರ ಟೈಪ್, ಆಬ್ಜೆಕ್ಟ್, ಅಸೆಂಬ್ಲಿ ಯಾವುದನ್ನೂ ಹೊರಗಿನವರು ಹಿಡಿದುಕೊಂಡಿರಬಾರದು. ಆಗ ಮಾತ್ರ ಗಾರ್ಬೇಜ್ ಕಲೆಕ್ಟರ್ ಅದನ್ನು ತೆಗೆಯುತ್ತದೆ. ಒಂದು ರೆಫರೆನ್ಸ್ ಉಳಿದರೂ ಇಡೀ ಕಾಂಟೆಕ್ಸ್ಟ್ ಉಳಿಯುತ್ತದೆ.

ಕಾಂಟೆಕ್ಸ್ಟ್‌ಗೆ ಒಂದು ವೀಕ್‌ರೆಫರೆನ್ಸ್ (ಹಿಡಿದುಕೊಳ್ಳದೆ ಸುಮ್ಮನೆ ತೋರಿಸುವ ರೆಫರೆನ್ಸ್) ಮಾಡಿಕೊಳ್ಳಿ. ಲೋಡ್ ಮಾಡಿ, ಬಳಸಿ, ಅನ್‌ಲೋಡ್ ಕರೆಯುವ ಕೋಡನ್ನೆಲ್ಲ ಬೇರೆ ಮೆಥಡ್‌ನಲ್ಲಿ ಇಟ್ಟು ಅದಕ್ಕೆ ನೋಇನ್‌ಲೈನಿಂಗ್ (ಕರೆದ ಕಡೆಗೇ ಅದರ ಕೋಡ್ ಬೆರೆಸಬೇಡ ಅನ್ನುವ ಸೂಚನೆ) ಹಾಕಿ. ಇಲ್ಲದಿದ್ದರೆ ಲೋಕಲ್ ವೇರಿಯಬಲ್ಲೇ ಅದನ್ನು ಹಿಡಿದುಕೊಂಡಿರಬಹುದು, ಡೀಬಗ್ ಬಿಲ್ಡ್‌ನಲ್ಲಂತೂ ಮೆಥಡ್ ಮುಗಿಯುವವರೆಗೂ. ಹೊರಗೆ ಬಂದ ಮೇಲೆ ಜಿಸಿ.ಕಲೆಕ್ಟ್, ವೇಟ್‌ಫಾರ್‌ಪೆಂಡಿಂಗ್‌ಫೈನಲೈಜರ್ಸ್ ಎರಡನ್ನೂ ಹತ್ತು ಸಲದವರೆಗೆ ಲೂಪ್‌ನಲ್ಲಿ ಕರೆದು, ವೀಕ್‌ರೆಫರೆನ್ಸ್ ಇನ್ನೂ ಜೀವಂತ ಇದೆಯೇ ನೋಡಿ.

ಇದ್ದರೆ ಹುಡುಕಬೇಕಾದ ಜಾಗಗಳು: ಸ್ಟಾಟಿಕ್ ಈವೆಂಟ್‌ಗೆ ಪ್ಲಗಿನ್ ಸೇರಿಸಿದ ಹ್ಯಾಂಡ್ಲರ್, ಟೈಪನ್ನು ಕೀ ಮಾಡಿಕೊಂಡ ಕ್ಯಾಶ್, ಪ್ಲಗಿನ್ ಶುರು ಮಾಡಿ ಮರೆತ ಟೈಮರ್ ಅಥವಾ ಥ್ರೆಡ್. ನಿಮ್ಮದೇ ಆ ಕೀ ಡಿಕ್ಷನರಿಯನ್ನು ಮೊದಲು ನೋಡಿ. ಅದರಲ್ಲಿ ಟೈಪ್ ಇಟ್ಟಿದ್ದೀರಿ, ಅಲ್ವಾ?

ಅರಳುಕೋಡು

ಹೌದು, ಡಿಕ್ಷನರಿಯೇ ಮೊದಲ ಕಳ್ಳ. ಅದನ್ನು ಪ್ಲಗಿನ್‌ಗೆ ಒಂದರಂತೆ ಬೇರೆ ಮಾಡಿ, ಅನ್‌ಲೋಡ್‌ಗೆ ಮುಂಚೆ ಖಾಲಿ ಮಾಡಿದೆ. ಆದರೂ ಉಳಿದಿತ್ತು. ಲಾಗ್‌ಕಡತ ಕ್ಲಾಸ್ ಪ್ರೋಸೆಸ್ ಮುಗಿಯುವ ಈವೆಂಟ್‌ಗೆ ಒಂದು ಹ್ಯಾಂಡ್ಲರ್ ಹಾಕಿ ಸುಮ್ಮನಿತ್ತು. ಒಪ್ಪಂದದಲ್ಲಿ ಐಓದುಗಕ್ಕೆ ಐಡಿಸ್ಪೋಸಬಲ್ ಸೇರಿಸಿ, ಡಿಸ್ಪೋಸ್ ಒಳಗೆ ಹ್ಯಾಂಡ್ಲರ್ ತೆಗೆಸಿದೆ. ಈಗ ಲೂಪ್‌ನ ಎರಡನೇ ಸುತ್ತಿಗೇ ವೀಕ್‌ರೆಫರೆನ್ಸ್ ಖಾಲಿಯಾಗುತ್ತದೆ. ಡಿಎಲ್‌ಎಲ್ ಅಳಿಸಿ ಹೊಸದನ್ನು ಇಟ್ಟೆ, ಪ್ರೋಗ್ರಾಂ ನಿಲ್ಲಿಸದೆಯೇ ಅದನ್ನು ಎತ್ತಿಕೊಂಡಿತು. ಮೂರೂ ಪ್ಲಗಿನ್‌ಗಳ ಮೇಲೆ ಇಪ್ಪತ್ತು ಸಲ ಬದಲಾಯಿಸಿ ನೋಡಿದೆ, ಮೆಮೊರಿ ಏರಿಲ್ಲ.